ಹೂರಣದ ಕಲ್ಲಿನಲ್ಲಿ ಹ್ಯಾಮ್

ನಮ್ಮ ಅಡುಗೆಮನೆಯ ಒರಳುಕಲ್ಲಿನಲ್ಲಿ ಹಂದಿ ಬಾಡು ರುಬ್ಬಿದವಳು ನಾನೇ. ಊರಿನಲ್ಲಿ ಕೆಲವರು ಅದನ್ನು ನನ್ನ ಮೊಮ್ಮಗಳ ತಲೆಗೆ ಕಟ್ಟುತ್ತಿದ್ದಾರೆ, ಪಾಪ ಮಗು, ಗೊತ್ತಿಲ್ಲದೆ ಮಾಡಿಬಿಟ್ಟಿತು ಎಂದು. ಮಗು ಮಾಡಿದ್ದಲ್ಲ. ಗೊತ್ತಿಲ್ಲದೆ ಮಾಡಿದ್ದೂ ಅಲ್ಲ. ಚೆನ್ನಾಗಿ ಗೊತ್ತಿದ್ದು, ಸೆರಗು ಸಿಕ್ಕಿಸಿಕೊಂಡು, ಬಾಗಿಲು ಪೂರಾ ತೆರೆದಿಟ್ಟುಕೊಂಡು ರುಬ್ಬಿದೆ. ಇನ್ನೊಂದು ಸಲ ರುಬ್ಬು ಎಂದರೆ ಈಗಲೇ ಎದ್ದು ರುಬ್ಬುತ್ತೇನೆ.

ನಮ್ಮದು ಸಿ.ಎಸ್. ಪುರದ ಕಡೆ ತೋಟದ ಮನೆ. ಒಂದೇ ಸೂರು, ನಡುವೆ ಗೋಡೆ. ಆ ಕಡೆ ನಮ್ಮ ಭಾವನವರು ಮತ್ತು ಓರಗಿತ್ತಿ ಅಕ್ಕ, ಈ ಕಡೆ ನಾವಿಬ್ಬರು. ನನ್ನ ಮಗಳು ತುಮಕೂರಿನಲ್ಲಿ ಕೆಲಸಕ್ಕಿದ್ದಾಗ ಜೊತೆಯಲ್ಲಿದ್ದ ಕ್ರಿಶ್ಚಿಯನ್ ಹುಡುಗನನ್ನು ಮೆಚ್ಚಿ ಮದುವೆಯಾದಳು. ಒಳ್ಳೆಯ ಹುಡುಗ. ಆದರೆ ಭಾವನವರು ಅವತ್ತೇ ಒಂದು ಮಾತು ಹೇಳಿಬಿಟ್ಟರು: "ಬರಬ್ಯಾಡಿ ಅನ್ನಲ್ಲ. ಜಗಲಿ ತನಕ ಬರ್ಲಿ." ಅಂದಿನಿಂದ ಮಗಳು ಬರುವುದು, ಜಗಲಿಯ ಮೇಲೆ ಕೂರುವುದು, ಕಾಫಿ ಕುಡಿದು ಬಂದ ಬಸ್ಸಿನಲ್ಲೇ ವಾಪಸ್ ಹೋಗುವುದು. ಅಳಿಯನಿಗೂ ಅಲ್ಲೇ ಎಲೆ. ನಮ್ಮ ಮನೆಯವರು ಅಣ್ಣನಿಗೆ ಎದುರು ಮಾತಾಡಿದವರಲ್ಲ.

ಹೀಗಿರುವಾಗ ಈ ಸಲ ಕ್ರಿಸ್‌ಮಸ್ ಕಳೆದ ಮೇಲೆ ಮೊಮ್ಮಗಳು ಹಟ ಹಿಡಿದಳು. ಮಿಕ್ಕ ರಜವೆಲ್ಲ ಅಜ್ಜಿಯ ಹತ್ತಿರವೇ ಇರುತ್ತೇನೆ, ಒಬ್ಬಳೇ ಇರುತ್ತೇನೆ ಎಂದು. ಮಗಳು ಫೋನ್ ಮಾಡಿದಳು.

"ಕಳಿಸ್ತೀನಮ್ಮ. ಆದ್ರೆ ಒಂದು ಮಾತು. ಅವಳ ತಟ್ಟೆ ಜಗಲಿಗೆ ಬಂತು ಅಂತ ಗೊತ್ತಾದ್ರೆ ಇದೇ ಕೊನೇ ಸಲ. ಇನ್ಮೇಲೆ ಕಳ್ಸಲ್ಲ. ನಂಗಾಗಿದ್ದು ನಂಗೆ ಸಾಕು."

"ನಾನಿಲ್ವೇನೇ? ಕಳ್ಸು" ಎಂದೆ. ಫೋನ್ ಇಟ್ಟವಳು ಅವತ್ತೆಲ್ಲ ಏನು ಮಾಡಿದೆನೋ ನೆನಪಿಲ್ಲ. ಹಾಲು ಉಕ್ಕಿಸಿದೆ, ಕರುವಿನ ಹಗ್ಗ ಕಟ್ಟುವುದು ಮರೆತೆ, ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಕರೆದು ಹೇಳಿದೆ. ನನ್ನ ಮೊಮ್ಮಗಳು ಬರುತ್ತಾಳೆ! ನನ್ನ ಮನೆಯಲ್ಲಿ ಮಲಗುತ್ತಾಳೆ! ನಗುವವರು ನಗಲಿ ಎಂದುಕೊಂಡೆ.

ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಮಗಳು ಅವಳನ್ನು ನನ್ನ ಕೈಗೆ ಕೊಟ್ಟು ಹೋದಳು. ಹುಡುಗಿ ಬ್ಯಾಗನ್ನು ನನ್ನ ಹೆಗಲಿಗೆ ಹಾಕಿ, ಬಟ್ಟೆ ಸುತ್ತಿದ ಒಂದು ಗಂಟನ್ನು ಮಾತ್ರ ತಾನೇ ಎದೆಗೆ ಅಪ್ಪಿಕೊಂಡಳು.

"ಏನವ್ವ ಅದು?"

"ಹ್ಯಾಮ್ ಅಜ್ಜಿ. ಹಂದಿ ತೊಡೆ. ಉಪ್ಪಲ್ಲಿ ನೆನಸಿ ಬೇಯ್ಸಿರ್ತಾರೆ. ಕ್ರಿಸ್‌ಮಸ್ಸಿಗೆ ತಂದಿದ್ದು, ಮಿಕ್ಕಿತ್ತು. ಮಿಕ್ಕಿದ್ದನ್ನ ಅಪ್ಪನ ಕಡೆ ಅಜ್ಜಿ ಸಣ್ಣಗೆ ಮಾಡಿ ಬ್ರೆಡ್ಡಿಗೆ ಹಚ್ಚಿಕೊಡ್ತಾರೆ. ಈ ಸಲ ನೀನು ಮಾಡು."

ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸು ತಿರುಗಿ, "ಹಂದೀನಾ?" ಎಂದಳು.

"ಹೂಂ ಕಣಮ್ಮ, ಹಂದಿ. ನಿಮ್ಮೂರಲ್ಲಿ ಯಾರೂ ತಿನ್ನಲ್ವಾ?" ಎಂದೆ. ಅವಳು ಕಿಟಕಿಯ ಕಡೆಗೆ ಮುಖ ಮಾಡಿಕೊಂಡಳು.

ತಿನ್ನುತ್ತಾರೆ, ಎಲ್ಲರೂ ತಿನ್ನುತ್ತಾರೆ. ನಮ್ಮಲ್ಲಿ ಅದಕ್ಕೊಂದು ಪದ್ಧತಿ. ಕುರಿ, ಕೋಳಿ ಒಳಗೆ ಬೇಯುತ್ತವೆ. ಹಂದಿ ಹೊಸಿಲು ದಾಟುವ ಹಾಗಿಲ್ಲ. ಹಿತ್ತಲಿನ ಹುಣಸೆಮರದ ಕೆಳಗೆ ಮೂರು ಕಲ್ಲು ಹೂಡಿ, ಕೊಟ್ಟಿಗೆಯ ಗೂಟದಲ್ಲಿ ನೇತಾಡುವ ಮಸಿ ಹಿಡಿದ ಪಾತ್ರೆಯನ್ನು ಇಳಿಸಿ ಗಂಡಸರೇ ಬೇಯಿಸುತ್ತಾರೆ. ಗಂಡಸರು ತಿಂದು ಮಿಕ್ಕದ್ದು ಹೆಂಗಸರಿಗೆ, ಅದೂ ಜಗಲಿಯ ಮೇಲೆ, ಎಲೆಯಲ್ಲಿ. ನಾನು ಈ ಮನೆಗೆ ಬಂದಾಗಿನಿಂದ ಎಲುಬನ್ನೇ ಹೆಚ್ಚು ಕಂಡಿದ್ದೇನೆ.

ಮನೆಗೆ ಬಂದೆವು. ಮಗು ಕೈಕಾಲು ತೊಳೆಯಲು ಬಚ್ಚಲಿಗೆ ಓಡಿತು, ನಾನು ಹಾಲು ಕಾಯಿಸಲು ಒಳಗೆ ಹೋದೆ. ಜಗಲಿಯ ಮೇಲಿಟ್ಟಿದ್ದ ಗಂಟನ್ನು ನಮ್ಮ ಮನೆಯವರು ಬಿಚ್ಚಿ ನೋಡಿದ್ದಾರೆ. ಬೀಗರ ಮನೆಯಿಂದ ಹಂದಿ ಬಾಡು ಬಂದಿದೆ! ಗೋಡೆಯಾಚೆಗೆ ಒಂದು ಕೂಗು ಹಾಕಿದರು. ಭಾವನವರು ಮಚ್ಚು ಹಿಡಿದುಕೊಂಡೇ ಬಂದರು. ನಾನು ಕಾಫಿ ಲೋಟ ಹಿಡಿದು ಹಿತ್ತಲಿಗೆ ಹೋಗುವ ಹೊತ್ತಿಗೆ ಒಲೆ ಉರಿಯುತ್ತಿತ್ತು, ಅರ್ಧ ಹ್ಯಾಮು ತುಂಡಾಗಿ ಪಾತ್ರೆ ಸೇರಿತ್ತು. ಮೇಲೆ ಖಾರ, ಧನಿಯಾಪುಡಿ, ಹಿಡಿ ತುಂಬ ಕಲ್ಲುಪ್ಪು. ಹಸಿ ಬಾಡಿಗೆ ಹೇಗೋ ಹಾಗೆ.

ಭಾವನವರೇ ಮೊದಲು ಒಂದು ತುಂಡು ಬಾಯಿಗೆ ಹಾಕಿಕೊಂಡರು. ಕಣ್ಣು ಅಗಲವಾಯಿತು.

"ಥೂ ಥೂ! ಏನ್ಲಾ ಇದು, ಉಪ್ಪಿನ ಮೂಟೆ ಬಿದ್ದೋಯ್ತೇನ್ಲಾ?"

"ಒಂದೇ ಹಿಡಿ ಕಣಣ್ಣ ನಾನು ಹಾಕಿದ್ದು!"

ಮೊಮ್ಮಗಳು ಓಡಿಬಂದು ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡಳು. "ತಾತಾ! ಅದು ಬೆಂದಿತ್ತು! ಉಪ್ಪೂ ಇತ್ತು!"

"ಮೊದ್ಲೇ ಯೋಳಬಾರ್ದೇನವ್ವ?"

"ನೀನೆಲ್ಲಿ ಕೇಳ್ದೆ?"

ನಾಯಿಗೆ ಹಾಕಿದರು. ನಾಯಿ ಅದನ್ನು ತಿಂದು, ದನ ಕುಡಿಯುವ ಬಾನಿಯ ಹತ್ತಿರ ಹೋಗಿ ನೀರು ಕುಡಿಯಿತು, ಮಲಗಿತು, ಮತ್ತೆ ಎದ್ದು ಹೋಗಿ ಕುಡಿಯಿತು. ನಾನು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಪಾತ್ರೆ ಚಿಕ್ಕದಿದ್ದುದರಿಂದ ಅರ್ಧ ಹ್ಯಾಮು ಉಳಿದಿತ್ತು. ಅದನ್ನು ನಮ್ಮ ಮನೆಯವರು ಎಂದಿನ ಹಾಗೆ ಕೊಟ್ಟಿಗೆಯ ಗೂಟಕ್ಕೆ ಕಟ್ಟಿದರು.

ಸಂಜೆ ಮಗುವಿಗೆ ಒಳಗೇ ತಟ್ಟೆ ಇಟ್ಟೆ. ರಾಗಿ ಮುದ್ದೆ, ಅವರೆಕಾಳು ಸಾರು. ನಮ್ಮ ಮನೆಯವರು ಒಂದು ಸಲ ಗೋಡೆಯ ಕಡೆ ನೋಡಿ, ತಮ್ಮ ತಟ್ಟೆ ಎಳೆದುಕೊಂಡು ಕೂತರು. ಮಗು ಸಾರಿನ ಘಮಕ್ಕೆ ಮೂಗರಳಿಸಿ, ಮುದ್ದೆ ಮುರಿಯುತ್ತಾ ಕೇಳಿದಳು:

"ಅಜ್ಜಿ, ಹ್ಯಾಮ್ ಯಾಕೆ ದನದ ಮನೇಲಿದೆ? ನಮ್ಮನೇಲಿ ಫ್ರಿಜ್ಜಲ್ಲಿರುತ್ತೆ."

"ನಮ್ಮಲ್ಲಿ ಹಂಗೇ ಕಣವ್ವ. ಅದು ಒಳಗೆ ಬರಲ್ಲ."

ಅವಳು ಒಂದು ತುತ್ತು ನುಂಗಿ, "ಅಪ್ಪನ ಥರಾನಾ?" ಎಂದಳು.

ಸುಮ್ಮನೆ ಕೇಳಿದ್ದು ಅಷ್ಟೇ, ಮಳೆ ಬರುತ್ತಾ ಎಂದು ಕೇಳಿದ ಹಾಗೆ. ನಾನು ಎದ್ದೆ. ಕೊಟ್ಟಿಗೆಗೆ ಹೋಗಿ ಗಂಟು ಬಿಚ್ಚಿಕೊಂಡು ಬಂದು, ಹಾಲು ಮೊಸರಿನ ಪಕ್ಕದಲ್ಲೇ ಫ್ರಿಜ್ಜಿನಲ್ಲಿಟ್ಟೆ. ನಮ್ಮ ಮನೆಯವರು ಬಾಯಿ ತೆರೆದರು. "ಉಣ್ಣಿ" ಎಂದೆ. ಉಂಡರು.

ಬೆಳಿಗ್ಗೆ ಬೀಗಿತ್ತಿಗೆ ಫೋನ್ ಮಾಡಿದೆ. ಆ ತಾಯಿಗೂ ಸಂತೋಷ ತಡೆಯದು.

"ಮಿಕ್ಸಿಗೆ ಮಾತ್ರ ಹಾಕ್ಬೇಡಿ ಬೀಗ್ರೇ, ಅಂಟಂಟಾಗಿ ಗೋಂದು ಆಗ್ಬಿಡುತ್ತೆ. ನಾನು ಕೈಯಲ್ಲಿ ತಿರುಗ್ಸೋ ಕೈಮ ಮಿಷಿನ್ನಲ್ಲಿ ಮಾಡೋದು. ತರಿತರಿ ಇರ್ಬೇಕು. ಬೇಯ್ಸಿದ ಮೊಟ್ಟೆ, ಈರುಳ್ಳಿ, ಅರೆದ ಸಾಸಿವೆ, ಉಪ್ಪಲ್ಲಿ ಹಾಕಿದ ಸೌತೆಕಾಯಿ, ಮಯೋನೀಸು. ಉಪ್ಪು ಹಾಕ್ಬೇಡಿ."

"ಉಪ್ಪಿನ ಸುದ್ದಿ ನಂಗೆ ಚೆನ್ನಾಗ್ ಗೊತ್ತಾಗೈತೆ" ಎಂದು ನಾಯಿಯ ಕತೆ ಹೇಳಿದೆ. ಆ ಕಡೆಯಿಂದ ನಗು ನಿಲ್ಲಲೇ ಇಲ್ಲ.

ಮಯೋನೀಸು ನಮ್ಮೂರ ಅಂಗಡಿಯಲ್ಲಿ ಇಲ್ಲ. ಗಟ್ಟಿ ಮೊಸರನ್ನು ತೆಳ್ಳನೆ ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿ, ಅದಕ್ಕೆ ಮನೆಯ ಬೆಣ್ಣೆ ಕಲಸಿದೆ. ಸೌತೆಕಾಯಿಗೆ ಬದಲು ಮಾವಿನ ಮಿಡಿ ಉಪ್ಪಿನಕಾಯಿಯ ಖಾರ ತೊಳೆದು ಸಣ್ಣಗೆ ಹೆಚ್ಚಿದೆ. ಕೈಮ ಮಿಷಿನ್ನು ನಮ್ಮಲ್ಲಿಲ್ಲ. ಇರುವುದು ಒರಳುಕಲ್ಲು. ಎರಡೂ ಮನೆಗೆ ಅದೊಂದೇ. ನಮ್ಮತ್ತೆಯ ಕಾಲದ್ದು, ಯುಗಾದಿಗೆ ಎರಡೂ ಮನೆಯ ಹೋಳಿಗೆ ಹೂರಣ ರುಬ್ಬುವುದು ಅದರಲ್ಲೇ.

ಹ್ಯಾಮನ್ನು ಸಣ್ಣ ತುಂಡು ಮಾಡಿ ಕಲ್ಲಿಗೆ ಹಾಕಿದೆ. ಮಗು ಒಳಗೆ ತಳ್ಳುತ್ತಿತ್ತು, ನಾನು ಗುಂಡು ತಿರುಗಿಸುತ್ತಿದ್ದೆ. ಆ ಹೊತ್ತಿಗೆ ಹೆಪ್ಪಿಗೆ ಮೊಸರು ಕೇಳಲು ಲೋಟ ಹಿಡಿದು ಅಕ್ಕ ಬಂದರು.

"ಏನೇ ಅದು ಕಲ್ಲಲ್ಲಿ, ಕೆಂಪಗೆ?"

"ಹಂದಿ ಬಾಡು ಕಣಕ್ಕ."

ಲೋಟ ಕೈಯಿಂದ ಬೀಳಲಿಲ್ಲ, ಅಷ್ಟು ಗಟ್ಟಿಯಾಗಿ ಹಿಡಿದುಕೊಂಡರು. "ಅಯ್ಯೋ ಅಯ್ಯೋ, ಹೂರಣದ ಕಲ್ಲು ಕಣೇ ಅದು! ಅತ್ತೆ ಇದ್ದಿದ್ರೆ ನಿನ್ ಕೈ ಮುರಿಯೋರು!"

"ಅತ್ತೆ ಇದೇ ಕಲ್ಲಲ್ಲಿ ಕುರಿ ಕೈಮ ರುಬ್ಬಿ ಉಂಡೆ ಕಟ್ಲಿಲ್ವಾ? ನೀನೇ ಗುಂಡು ತಿರುಗಿಸ್ತಿದ್ದೆ. ಕುರಿ ತೊಳುದ್ರೆ ಹೋಗುತ್ತೆ, ಹಂದಿ ತೊಳುದ್ರೆ ಹೋಗಲ್ವಾ?"

"ಕುರಿ ಬ್ಯಾರೆ, ಹಂದಿ ಬ್ಯಾರೆ."

"ಏನ್ ಬ್ಯಾರೆ? ನಿನ್ನೆ ಭಾವ ಮಚ್ಚು ಹಿಡ್ಕಂಡು ಓಡ್ಬಂದ್ರಲ್ಲ, ಇದೇ ಬಾಡಿಗೆ. ಯಾರ ಮನೆಯಿಂದ ಬಂದಿದ್ದು ಅಂತ ಕೇಳಿದ್ರಾ? ಬೀಗ್ರ ಬಾಡು ಬೇಕು, ಬೀಗ್ರ ಮೊಮ್ಮಗಳು ಒಳಗೆ ಬರಬಾರ್ದು!"

"ನಾನೆಲ್ಲಿ ಮಗೀನ ಸುದ್ದಿ ಎತ್ತಿದೆ?"

"ನಾನ್ ಎತ್ತಿದೀನಿ."

ಅಕ್ಕ ಹೆಪ್ಪು ತೆಗೆದುಕೊಳ್ಳದೆ ಹೋದರು. ಸ್ವಲ್ಪ ಹೊತ್ತಿಗೆ ಗೋಡೆಯಾಚೆ ಭಾವನವರು ಫೋನಿನಲ್ಲಿ ಮಾತಾಡುವುದು ಕೇಳಿಸಿತು. ನನ್ನ ಮಗಳಿಗೇ. "ಬಂದು ಮಗೀನ ಕರ್ಕೊಂಡೋಗವ್ವ. ಇಲ್ಲಿ ಸರಿಯಾಗಲ್ಲ." ಇಷ್ಟೇ ಹೇಳಿ ಇಟ್ಟರು.

ನನ್ನ ಕೈ ನಿಂತಿತು. ಮಗಳಿಗೆ ಏನು ಗೊತ್ತು? ತಟ್ಟೆ ಜಗಲಿಗೆ ಬಂತು ಎಂದುಕೊಳ್ಳುತ್ತಾಳೆ. ನಾನು ಫೋನ್ ಮಾಡಿದರೆ ಎತ್ತಲಿಲ್ಲ. ಇದೇ ಕೊನೆಯ ಸಲ ಎಂದಿದ್ದಳಲ್ಲ, ಆ ಮಾತು ಎದೆಯಲ್ಲಿ ಕೂತುಬಿಟ್ಟಿತು. ಮೊಮ್ಮಗಳು, "ಅಜ್ಜಿ, ನಿಲ್ಲಿಸ್ಬೇಡ, ಇನ್ನೂ ದೊಡ್ಡ ದೊಡ್ಡ ತುಂಡಿದೆ" ಎಂದಳು. ಸರಿ, ಏನಾದರೂ ಆಗಲಿ, ಕಲ್ಲಿನ ಮೇಲಿರುವುದನ್ನು ಮುಗಿಸುತ್ತೇನೆ ಎಂದು ತಿರುಗಿಸಿದೆ. ಮೊಟ್ಟೆ ಪುಡಿ ಮಾಡಿ ಹಾಕಿ, ಈರುಳ್ಳಿ, ಮಿಡಿ, ಸಾಸಿವೆ, ಬೆಣ್ಣೆ ಮೊಸರು ಎಲ್ಲ ಸೇರಿಸಿ ಕೈಯಲ್ಲೇ ಕಲಸಿದೆವು. ನಮ್ಮ ಮನೆಯವರನ್ನು ಬೇಕರಿಗೆ ಓಡಿಸಿ ಬ್ರೆಡ್ಡು ತರಿಸಿದೆ. ಅವರು ಬ್ರೆಡ್ಡಿನ ಪೊಟ್ಟಣ ಕೊಟ್ಟು ಜಗಲಿಯ ಕಡೆಗೆ ಹೊರಟರು.

"ಎಲ್ಲಿಗೆ?"

"ಹಂದಿ ಅಲ್ವೇನೇ. ಆಚೆ ಕೂತ್ಕತೀನಿ."

"ಮಗು ಇಲ್ಲಿ ತಿನ್ನುತ್ತೆ. ನಾನೂ ಇಲ್ಲಿ ತಿಂತೀನಿ. ನಿಮಗೆ ಬೇಕಂದ್ರೆ ಇಲ್ಲಿ ಕೂತ್ಕಳಿ, ಬ್ಯಾಡಾಂದ್ರೆ ನಾಯಿ ಜೊತೆ ನೀರು ಕುಡೀರಿ."

ಹೊಸಿಲು ದಾಟಲು ಎತ್ತಿದ ಕಾಲನ್ನು ಇಳಿಸಿದರು. ಆಮೇಲೆ ಟವಲ್ಲು ಕೊಡವಿ, ಬಂದು ಒರಳಿನ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತರು.

ಮೊದಲ ಬ್ರೆಡ್ಡು ಮಗುವಿಗೆ. ಕಚ್ಚಿದಳು, ಕಣ್ಣು ಮುಚ್ಚಿದಳು, ಅಗಿದಳು. "ಆ ಅಜ್ಜೀದು ಬೇರೆ ಥರ" ಎಂದಳು. "ಇದು ಜಾಸ್ತಿ ಚೆನ್ನಾಗಿದೆ. ಅವರಿಗೆ ಹೇಳ್ಬೇಡ." ಆ ಮಾತು ಕೇಳಿ ನನಗೆ ಏನಾಯಿತೆಂದು ಬರೆಯಲು ನಾನು ಅಷ್ಟು ಓದಿದವಳಲ್ಲ. ಬೆಣ್ಣೆಗೈಯಲ್ಲೇ ಅವಳ ಕೆನ್ನೆ ಹಿಡಿದುಬಿಟ್ಟೆ.

ಮಧ್ಯಾಹ್ನದ ಬಸ್ಸಿಗೆ ಮಗಳು ಬಂದೇಬಿಟ್ಟಳು. ಜಗಲಿಯ ಮೇಲೆ ನಿಂತ ಸದ್ದು ಕೇಳಿತು.

"ಅಮ್ಮ, ಎಲ್ಲಿ ಅವಳು? ಬ್ಯಾಗ್ ತಗೊಂಡು ಬರಕ್ಕೆ ಹೇಳು."

"ನೀನೇ ಒಳಗ್ ಬಾಮ್ಮ!" ಒಳಗಿನಿಂದ ಮೊಮ್ಮಗಳು ಕೂಗಿದಳು. "ನಂಗೆ ಏಳಕ್ಕಾಗಲ್ಲ, ಕೈಯೆಲ್ಲಾ ಹ್ಯಾಮು!"

ಮಗಳು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಸಿಟ್ಟಿನ ಮುಖ ಹಾಗೇ ಇತ್ತು. ಒರಳಿನ ಪಕ್ಕ ಅವಳ ಮಗಳು, ಮಗುವಿನ ಪಕ್ಕ ನಮ್ಮ ಮನೆಯವರು, ಮೀಸೆಗೆ ಮೊಟ್ಟೆ ಹತ್ತಿಕೊಂಡಿದೆ. ಮಗಳು ಕಲ್ಲನ್ನು ನೋಡಿದಳು, ನನ್ನನ್ನು ನೋಡಿದಳು.

"ಇದ್ರಲ್ಲಾ ರುಬ್ಬಿದ್ದು?"

"ಇದ್ರಲ್ಲೇ."

"ದೊಡ್ಡಪ್ಪ ಫೋನ್ ಮಾಡಿದ್ದು ಇದಕ್ಕಾ?"

"ಇದಕ್ಕೇ."

ನಮ್ಮ ಮನೆಯವರು ಬ್ರೆಡ್ಡು ಹಚ್ಚಿದ ತಟ್ಟೆಯನ್ನು ಮುಂದೆ ತಳ್ಳಿದರು. "ಬಾರವ್ವ, ಕೂತ್ಕ. ಇವತ್ತು ಉಪ್ಪು ಸರಿಯಾಗೈತೆ."

ಇಷ್ಟು ವರ್ಷದಲ್ಲಿ ಅವರು ಅವಳಿಗೆ ಒಳಗೆ ಬಾ ಎಂದದ್ದು ಅದೇ ಮೊದಲು. ಮಗಳು ವಾಪಸ್ ಜಗಲಿಗೆ ಹೋದಳು. ಹೋಗಿಯೇಬಿಟ್ಟಳೇನೋ ಎಂದುಕೊಂಡೆ. ಚಪ್ಪಲಿ ಬಿಟ್ಟು ಬಂದಳು ಅಷ್ಟೇ. ಗಾಬರಿಯಲ್ಲಿ ಹಾಕಿಕೊಂಡೇ ಬಂದಿದ್ದಳಂತೆ.

ಮೊಮ್ಮಗಳು ರಜ ಮುಗಿಯುವವರೆಗೂ ಇದ್ದಳು. ಕರೆದೊಯ್ಯಲು ಅಳಿಯ ಬಂದಾಗ ಅವನಿಗೂ ಒಳಗೇ ಎಲೆ ಹಾಕಿದೆ. ಭಾವನವರು ಅವತ್ತು ಕುಣಿಗಲ್ಲಿಗೆ ನೆಂಟರ ಮನೆಗೆ ಹೋಗುವ ಕೆಲಸ ಹುಟ್ಟಿಸಿಕೊಂಡರು. ಹೋಗಲಿ.

ಕಲ್ಲನ್ನು ಬೂದಿ ಹಾಕಿ ಉಜ್ಜಿ ಬಿಸಿನೀರಿನಲ್ಲಿ ತೊಳೆದೆ, ಕೈಮ ರುಬ್ಬಿದ ಮೇಲೆ ತೊಳೆಯುವ ಹಾಗೇ. ಒಂದು ಚೊಂಬು ಹೆಚ್ಚಿಲ್ಲ. ಯುಗಾದಿಗೆ ಅದೇ ಕಲ್ಲಿನಲ್ಲಿ ಹೂರಣ ರುಬ್ಬಿದೆ. ಅಕ್ಕ ಮಾತ್ರ ತಮ್ಮ ಪಾಲಿನದನ್ನು ಮಿಕ್ಸಿಗೆ ಹಾಕಿಕೊಂಡರು. ಅದು ನೀರಾಯಿತೆಂದು ಕೇಳಿದೆ. ಹೋಳಿಗೆ ಕಳಿಸಿದೆ. ತಟ್ಟೆ ಖಾಲಿಯಾಗಿ ವಾಪಸ್ ಬಂತು, ತಿಂದರೋ ದನಕ್ಕೆ ಹಾಕಿದರೋ ನಾನು ಕೇಳಲಿಲ್ಲ. ಹೆಪ್ಪಿಗೆ ಮಾತ್ರ ಅಕ್ಕ ಮತ್ತೆ ಬರುತ್ತಿದ್ದಾರೆ.

ನಿನ್ನೆ ಮೊಮ್ಮಗಳು ಫೋನ್ ಮಾಡಿದ್ದಳು. "ಪರೀಕ್ಷೆ ಮುಗೀತು ಅಜ್ಜಿ. ಶನಿವಾರ ಬರ್ತಿದೀನಿ. ಈ ಸಲ ಆ ಅಜ್ಜೀನೂ ಬರ್ತಾರಂತೆ, ನಿನ್ನ ಕಲ್ಲು ನೋಡ್ಬೇಕಂತೆ. ಎಲ್ಲಿ ಕೂರಿಸ್ತೀಯ?"

"ಕಲ್ಲಿನ ಪಕ್ಕ" ಎಂದೆ. "ಗುಂಡು ತಿರುಗ್ಸಕ್ಕೆ ಇನ್ನೊಂದು ಕೈ ಬೇಕು ನಂಗೆ."