ಹದಿನೇಳನೆಯ ಕೆಂಪು

ನಕಾಶೆ ಬರೆಯುವುದರಲ್ಲಿ ನಿಜಾಮುದ್ದೀನನನ್ನು ಸರಿಗಟ್ಟುವವರು ಇಡೀ ವಿಜಾಪುರದಲ್ಲಿ ಇರಲಿಲ್ಲ. ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ, ಒಂದು ಹಳೇ ಸೈಕಲ್ಲು, ಹದಿನೆಂಟು ವರ್ಷದ ಸರ್ಕಾರಿ ನೌಕರಿ. ಅವನ ಕೈ ಎಷ್ಟು ನಯವೋ ಮನುಷ್ಯ ಅಷ್ಟೇ ಹಟಮಾರಿ. ಒಬ್ಬರ ಜೊತೆ ಮಾತು ಬಿಟ್ಟನೆಂದರೆ ಬಿಟ್ಟ, ದೇವರೇ ಬಂದು ಹೇಳಿದರೂ ಕೇಳುವ ಪೈಕಿ ಅಲ್ಲ. ಇಂಥವರ ಕಥೆ ಹೇಳಲು ಕೂತರೆ ಮರುಕಕ್ಕಿಂತ ಮೊದಲು ಸಿಟ್ಟು ಬರುತ್ತದೆ.

ಇದ್ದವಳು ಒಬ್ಬಳೇ ಮಗಳು, ಗುಲಶನ. ಅವಳನ್ನು ತಿಕೋಟಾದ ಆಚೆ, ಘೋಣಸಗಿಯ ಹೊರಗಿನ ಒಂದು ವಸ್ತಿಗೆ ಕೊಟ್ಟಿದ್ದ. ಹತ್ತು ಹನ್ನೆರಡು ಮನೆ, ಒಂದು ಬಾವಿ. ಮಗಳು ಚೊಚ್ಚಲ ಬಸುರಿಯಾದಾಗ ಇವನ ಹೆಂಡತಿ ಸುಗರಾಬಿ ತೀರಿಕೊಂಡು ತಿಂಗಳೂ ಆಗಿರಲಿಲ್ಲ. ಮೊದಲ ಬಾಣಂತನ ತವರಿನದು. ಆದರೆ ಹೆಂಗಸರಿಲ್ಲದ ಮನೆಯಲ್ಲಿ ಯಾರು ಎರೆಯಬೇಕು, ಯಾರು ಕಾಸಬೇಕು? ಕರೆಯಲು ಹೋಗಲಿಲ್ಲ. ಹೋಗಿ ನಾಲ್ಕು ಮಾತು ಹೇಳಿ ಬಂದಿದ್ದರೆ ಮುಗಿಯುತ್ತಿತ್ತು, ಅದನ್ನೂ ಮಾಡಲಿಲ್ಲ. ಬೀಗ ಅಬ್ದುಲಸಮದ ತಿಕೋಟಾ ಸಂತೆಯಲ್ಲಿ ನಾಲ್ಕು ಜನರ ಮುಂದೆ ಅಂದುಬಿಟ್ಟ: "ಮಗಳನ್ನ ಕರಕೊಂಡ ಹೋಗಾಕ ಆಗದವ್ರು ನಮ್ಮ ಹೊಸ್ತಿಲಾ ತುಳೀಬ್ಯಾಡ್ರಿ." ಮುಗಿಯಿತು. ಮೊಮ್ಮಗಳು ಹುಟ್ಟಿದಳು, ನಡೆಯಲು ಕಲಿತಳು. ಇವನು ಆ ಊರಿನ ಕಡೆ ಮುಖ ಹಾಕಲಿಲ್ಲ.

ಎಪ್ಪತ್ತೈದನೆಯ ಇಸವಿಯಲ್ಲಿ ಅಥಣಿ ರಸ್ತೆಯ ಬಾಡಿಗೆ ಕಟ್ಟಡದಲ್ಲಿದ್ದ ಅವನ ಅಂತರ್ಜಲ ಕಚೇರಿಗೆ ಒಂದು ಚಿತ್ರ ಬಂತು. ಅಮೆರಿಕದ ಉಪಗ್ರಹ ಬೇಸಿಗೆಯ ಬಾಯಲ್ಲಿ ಐದುನೂರು ಮೈಲಿ ಮೇಲಿನಿಂದ ತೆಗೆದದ್ದು. ಒಂದೇ ಹಾಳೆಯಲ್ಲಿ ಇಡೀ ಜಿಲ್ಲೆ ಹಿಡಿದಿತ್ತು. ಬಣ್ಣ ಮಾತ್ರ ವಿಚಿತ್ರ: ನೀರು ಕಪ್ಪು, ಎರೆನೆಲ ಮಬ್ಬು ನೀಲಿ, ಹಸಿರು ಇದ್ದಲ್ಲೆಲ್ಲ ಕೆಂಪು. ಎಲೆಯಿಂದ ನಮ್ಮ ಕಣ್ಣಿಗೆ ಕಾಣದ ಒಂದು ಬೆಳಕು ಹೊಮ್ಮುತ್ತದೆ, ಮೇಲಿನ ಯಂತ್ರ ಅದನ್ನೂ ಹಿಡಿಯುತ್ತದೆ, ಅದನ್ನೇ ಕೆಂಪಾಗಿ ಅಚ್ಚು ಹಾಕಿದ್ದಾರೆ ಎಂದು ಮೇಲಧಿಕಾರಿ ಗುರುಪಾದಯ್ಯ ಸಾಹೇಬರು ತಿಳಿಸಿ ಹೇಳಿದರು.

ನಿಜಾಮುದ್ದೀನ ಮೊದಲು ಹುಡುಕಿದ್ದು ಗೋಳಗುಮ್ಮಟವನ್ನು. ಹತ್ತು ವರ್ಷ ಹಿಂದಿನ ವಿಮಾನದ ಚಿತ್ರಗಳು ಕಚೇರಿಯಲ್ಲಿದ್ದವು. ಬರೀ ಕಪ್ಪು ಬಿಳುಪು, ಆದರೆ ಗುಮ್ಮಟ, ಅದರ ನೆರಳು, ಬಾವಿಯ ದುಂಡು ಬಾಯಿ, ಬೇವಿನ ಮರ ಎಲ್ಲಾ ಎಣಿಸಬಹುದಿತ್ತು. ಈ ಹೊಸ ಚಿತ್ರದಲ್ಲಿ ಭೂತಗನ್ನಡಿ ಹಿಡಿದು ನೋಡಿದರೂ ಗುಮ್ಮಟ ಸಿಗಲಿಲ್ಲ.

"ಏನ ಸಾಹೇಬ್ರ, ಗುಮ್ಮಟಾನ ನುಂಗೇದಲ್ರಿ ಇದು!"

ಸಾಹೇಬರು ನಕ್ಕರು. "ಒಂದ ಚುಕ್ಕಿ ಅಂದ್ರ ಎಂಬತ್ತ ಮೀಟರ್ ನೆಲಾ ನಿಜಾಮುದ್ದೀನ. ನಿನ್ನ ಗುಮ್ಮಟಾ ಅದರಾಗ ಎಲ್ಲಿ ಕಾಣಬೇಕು? ಆದ್ರ ಹದಿನೆಂಟ ದಿನಕ್ಕೊಮ್ಮೆ ಮತ್ತ ಬಂದು ನೋಡ್ತದ. ವಿಮಾನ ಹಂಗ ಬರ್ತದೇನು?"

ಕೆಲಸ ಇಷ್ಟು. ತಿಕೋಟಾದಿಂದ ಬಬಲೇಶ್ವರದವರೆಗೆ ಎರಡೂ ಚಿತ್ರಗಳನ್ನು ಹೋಲಿಸಬೇಕು. ಬದಲಾದ ಕಡೆಗೆಲ್ಲ ಗುರುತು ಹಾಕಿ, ಸ್ವತಃ ಹೋಗಿ ನೋಡಿ ಬರೆಯಬೇಕು. ರಿಜಿಸ್ಟರಿಗೆ ಮೂರು ಕಾಲಮ್ಮು: ವಿಮಾನದ್ದರಲ್ಲಿ ಕಂಡದ್ದು, ಉಪಗ್ರಹದ್ದರಲ್ಲಿ ಕಂಡದ್ದು, ನೆಲದ ಮೇಲೆ ಕಂಡದ್ದು. ಕೊನೆಗೆ ಸಹಿ, ತಾರೀಖು. ಕುಡಿಯುವ ನೀರಿಗೆ ಎಲ್ಲೆಲ್ಲಿ ಬೋರ್ ಹೊಡೆಯಬೇಕು ಎಂಬ ಪಟ್ಟಿ ಆ ಮೂರನೆಯ ಕಾಲಮ್ಮಿನ ಮೇಲೆ ನಿಲ್ಲುವುದಿತ್ತು. ನೀರಿದೆ ಎಂದು ಬರೆದ ಕಡೆ ಬೋರ್ ಇಲ್ಲ.

ಹಿಂದೆ ಬಯಲಾಗಿದ್ದು ಈಗ ಕೆಂಪಾದ ಜಾಗ ಹದಿನೇಳು ಸಿಕ್ಕವು. ನಿಜಾಮುದ್ದೀನ ಬಿಸಿಲು ಲೆಕ್ಕಿಸದೆ ಸೈಕಲ್ ತುಳಿದ. ಬಬಲೇಶ್ವರದ ಮಗ್ಗುಲಿಗೆ ಹೋದರೆ ಕಬ್ಬು, ಹೊಸ ಬಾವಿ. ತಿಕೋಟಾದ ಈಚೆ ನಿಂಬೆ ತೋಟ, ಹೊಸ ಬಾವಿ. ಹದಿನಾರು ಕಡೆ ಹೋದ, ಹದಿನಾರೂ ಕಡೆ ತೋಟ. ಕೆಂಪು ಎಂದರೆ ನೀರು ಎಂದು ಅವನ ಕಣ್ಣಿಗೆ ರೂಢಿಯಾಗಿಹೋಯಿತು.

ಹದಿನೇಳನೆಯದು ಬೀಗರ ವಸ್ತಿ.

ಹಾಳೆಯ ಮೇಲೆ ಭೂತಗನ್ನಡಿ ಇಟ್ಟ. ವಸ್ತಿಯ ಸುತ್ತ ಹಳ್ಳದಗುಂಟ ದಪ್ಪ ಕೆಂಪು. ಹತ್ತು ವರ್ಷದ ಹಿಂದೆ ಅಲ್ಲಿ ಬರೀ ಕಲ್ಲು. ಹಾಗಾದರೆ ಅಬ್ದುಲಸಮದ ಹೊಸ ಬಾವಿ ತೋಡಿಸಿದ್ದಾನೆ, ತೋಟ ಮಾಡಿದ್ದಾನೆ! ಹೊಟ್ಟೆಯಲ್ಲಿ ಸ್ವಲ್ಪ ಉರಿಯಿತು, ಸುಳ್ಳೇಕೆ ಹೇಳಬೇಕು. ಅದರ ಹಿಂದೆಯೇ ಸಮಾಧಾನವೂ ಆಯಿತು: ನನ್ನ ಮಗಳು ನೀರಿನ ಮನೆಯಲ್ಲಿದ್ದಾಳೆ. ಹೋಗಿ ನೋಡಬೇಕೆಂದರೆ ಹೇಗೆ ಹೋಗುವುದು? ಬೀಗರ ಊರಿಗೆ ಬರಿಗೈಲಿ, ಬೆವರು ಸುರಿಸುತ್ತ, ಸೈಕಲ್ಲಿಗೆ ಅಳತೆಪಟ್ಟಿ ಕಟ್ಟಿಕೊಂಡು? ತುಳಿಯಬೇಡ ಎಂದವರ ಹೊಸ್ತಿಲ ಮುಂದೆ ಸರ್ಕಾರದ ಆಳಾಗಿ ನಿಲ್ಲುವುದೇ? ಮೂರನೆಯ ಕಾಲಮ್ಮಿನಲ್ಲಿ ಕುರ್ಚಿಯಲ್ಲಿ ಕೂತೇ ಬರೆದ: "ತೋಟ. ಬಾವಿ ನೀರು ಸಾಕಷ್ಟಿದೆ." ಸಹಿ ಮಾಡಿದ. ಅಕ್ಷರ ಎಂದಿನಂತೆ ಮುದ್ದಾಗಿಯೇ ಬಂದಿತ್ತು.

ಮರುವರ್ಷದ ಏಪ್ರಿಲಿನಲ್ಲಿ, ಗುಲಶನ ಬಾವಿಯಲ್ಲಿ ಜಾರಿ ಬಿದ್ದಿದ್ದಾಳೆಂದು ತಿಕೋಟಾ ಬಸ್ಸಿನ ಕಂಡಕ್ಟರ್ ಸುದ್ದಿ ತಂದ. ಹಟ ಎಲ್ಲಿ ಹೋಯಿತೋ! ಕಚೇರಿಯಿಂದ ಹಾಗೆಯೇ ಎದ್ದು ಓಡಿದ, ಬರಿಗೈಲಿ.

ಬಸ್ಸಿಳಿದು ನಡೆದರೆ ವಸ್ತಿಯ ಸುತ್ತ ಹಳ್ಳದಗುಂಟ ಎದೆಯುದ್ದ ಹಸಿರು. ತೋಟ ಎಲ್ಲಿಯದು? ಬಳ್ಳಾರಿ ಜಾಲಿ. ಮುಳ್ಳು, ಬರೀ ಮುಳ್ಳು. ಆಡು ಕೂಡ ಎಲೆ ಮುಟ್ಟದ, ಮಳೆ ಇಲ್ಲದಿದ್ದರೂ ಒಣಗದ ಜಾಲಿ. ಮೇಲಿನ ಯಂತ್ರ ಸುಳ್ಳು ಹೇಳಿರಲಿಲ್ಲ. ಹಸಿರು ಎಂದು ತೋರಿಸಿತ್ತು, ಹಸಿರೇ ಇತ್ತು. ಯಾವ ಹಸಿರು ಎಂದು ನೋಡಿ ಬರಬೇಕಾದವನು ಕುರ್ಚಿಯಲ್ಲಿ ಕೂತಿದ್ದ.

ಗುಲಶನ ಚಾಪೆಯ ಮೇಲೆ ಮಲಗಿದ್ದಳು. ಮತ್ತೆ ಐದು ತಿಂಗಳಾಗಿತ್ತು. ಆ ಬಸಿರು ಉಳಿದಿರಲಿಲ್ಲ. ರಕ್ತ ಇನ್ನೂ ನಿಂತಿರಲಿಲ್ಲ. ಬಾವಿಯ ತಳದಲ್ಲಿ ಚರಿಗೆಯಿಂದ ತೋಡಿ ಕೊಡ ತುಂಬಿಕೊಂಡು ಮೇಲೆ ಬರುವಾಗ ಕಲ್ಲು ಜಾರಿತ್ತು. ತಿಕೋಟಾದ ಡಾಕ್ಟರು ಬಂದು ಸೂಜಿ ಮಾಡಿ ಹೋಗಿದ್ದರು.

"ಅಬ್ಬಾ, ಬಂದೀ?" ಎಂದಳು. ಅಪ್ಪನನ್ನು ಕಂಡು ಮುಖ ಅರಳಿತು. "ನೀ ಬೋರ್ ಹೊಡಸೋ ಕಚೇರ್ಯಾಗ ಅದಿ ಅಂತ ನಾ ಎಲ್ಲಾರಿಗೂ ಹೇಳೇನಿ. ನಮ್ಮ ವಸ್ತಿ ಹೆಸರ ಹಾಕಿದಿ ಹೌದಿಲ್ಲೋ?"

"ಹೂಂ ಬೇಟಾ. ಹಾಕಸ್ತೀನಿ."

"ಬೋರ್ ಬಂದ್ರ ಒಂದ ಸಲ ಮೈತುಂಬ ನೀರ ಎರಕೊಂತೀನಿ ನೋಡ. ಎಷ್ಟ ದಿನಾ ಆತು."

ಮರುದಿನ ಬೆಳಿಗ್ಗೆ ಕಚೇರಿ ಬಾಗಿಲು ತೆರೆಯುವ ಮೊದಲೇ ಅಲ್ಲಿ ನಿಂತಿದ್ದ. "ಸಾಹೇಬ್ರ, ಹದಿನೇಳನೇದು ತಪ್ಪ ಬರದೇನ್ರಿ. ನಾ ಹೋಗೇ ಇಲ್ರಿ ಅಲ್ಲಿಗೆ. ಅದು ಜಾಲಿ ಅದ್ರಿ, ಹನಿ ನೀರಿಲ್ರಿ."

ಗುರುಪಾದಯ್ಯ ರಿಜಿಸ್ಟರ್ ತೆಗೆದು ಆ ಸಹಿಯ ಮೇಲೆ ಬೆರಳಿಟ್ಟರು. "ಪಟ್ಟಿ ಬೆಂಗಳೂರಿಗೆ ಹೋಗಿ, ಮಂಜೂರಾಗಿ ಬಂದದ. ಬೋರಿನ ಗಾಡಿ ತಿಕೋಟಾ ಮುಗಿಸಿ ಬಬಲೇಶ್ವರಕ್ಕ ಹೋಗ್ಯದ. ಹೊಸಾ ಹೆಸರ ಇನ್ನ ಬರೂ ವರ್ಷ." ಆಮೇಲೆ ದನಿ ತಗ್ಗಿಸಿದರು. "ಈ ಮಾತು ಮತ್ತ ಯಾರ ಮುಂದೂ ಆಡಬ್ಯಾಡ ಮಾರಾಯಾ. ನೌಕರಿ ಹೋಗ್ತದ."

"ಹೋಗಲಿ ಬಿಡ್ರಿ!" ಎಂದು ಕೂಗಿದ. ಬಬಲೇಶ್ವರಕ್ಕೂ ಓಡಿ, ಬೋರಿನ ಗಾಡಿಯವರ ಕಾಲು ಹಿಡಿದ. ಕಾಗದವಿಲ್ಲದೆ ಅವರು ತಾನೇ ಏನು ಮಾಡಿಯಾರು?

ನಾಲ್ಕನೆಯ ದಿನ ಗುಲಶನ ತೀರಿಕೊಂಡಳು.

ಮಣ್ಣಿಗೆ ಒಯ್ಯುವ ಮೊದಲು ಮೈ ತೊಳೆಯಬೇಕು. ವಸ್ತಿಯಲ್ಲಿ ಅಷ್ಟು ನೀರೆಲ್ಲಿಯದು? ಗುಲಶನಳ ಗಂಡ ಬಂಡಿ ಹೊಡೆದುಕೊಂಡು ತಿಕೋಟಾಕ್ಕೆ ಹೋದ. ಎರಡು ಪೀಪಾಯಿ ನೀರು ಬರುವವರೆಗೆ ಹೆಣ ಕಾದಿತ್ತು, ಜನ ಕಾದಿದ್ದರು. ಮಧ್ಯಾಹ್ನ ಸರಿದ ಮೇಲೆ ಬಂಡಿ ಬಂತು. ಅವಳ ಅತ್ತೆ ಮಕ್ತುಮಬಿ ಮತ್ತು ನಾಲ್ಕು ಹೆಂಗಸರು ಪರದೆ ಕಟ್ಟಿದರು. ಹೊರಗೆ ಗೋಡೆಗೆ ಆತು ಕೂತ ನಿಜಾಮುದ್ದೀನನಿಗೆ ನೀರು ಸುರಿಯುವ ಸದ್ದು ಕೇಳುತ್ತಿತ್ತು. ಒಂದು ತಂಬಿಗೆ, ಇನ್ನೊಂದು, ಮತ್ತೊಂದು. ಮೈತುಂಬ ಎರೆಯುತ್ತಿದ್ದರು.

ಅಬ್ದುಲಸಮದ ಬಂದು ಪಕ್ಕದಲ್ಲಿ ಕೂತು ಅವನ ಹೆಗಲ ಮೇಲೆ ಕೈ ಹಾಕಿ ಬಿಕ್ಕಿಬಿಕ್ಕಿ ಅತ್ತ. "ನಂದ ತಪ್ಪಾತ್ರಿ ಬೀಗರ. ಅಂಥಾ ಮಾತ ಆಡಬಾರದಿತ್ತು. ನಮ್ಮ ವಸ್ತಿ ಸಲುವಾಗಿ ನೀವ ಬಬಲೇಶ್ವರಕ್ಕ ಓಡ್ಯಾಡಿದ್ದು ಗೊತ್ತಾತ್ರಿ. ಮ್ಯಾಲ ಕುಂತವ್ರಿಗೆ ನಾವ ಕಾಣಲಿಲ್ಲ. ನೀವೇನ ಮಾಡ್ತೀರಿ?"

ನಿಜಾಮುದ್ದೀನ ಬಾಯಿ ತೆರೆದ. ಆ ಸಹಿಯ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಒಳಗಿನಿಂದ, "ಆತು, ಬರ್ರಿ" ಎಂದು ಕರೆದರು. ಇಬ್ಬರೂ ಎದ್ದರು.

ಅಂದಿನಿಂದ ಪ್ರತಿ ಬಕ್ರೀದಿಗೂ ಬೀಗರ ಮನೆಯಿಂದ ಕರೆ ಬರುತ್ತಿತ್ತು. ಮೊಮ್ಮಗಳಿಗೆ ಬಟ್ಟೆ ಹಿಡಿದು ತಪ್ಪದೆ ಹೋಗುತ್ತಿದ್ದ. ಅಬ್ದುಲಸಮದ ಅವನನ್ನು ತನ್ನ ಮಗ್ಗುಲಿಗೆ ಕೂರಿಸಿಕೊಂಡು, ಬಂದವರಿಗೆಲ್ಲ, "ನಮ್ಮ ನೀರಿನ ಸಲುವಾಗಿ ಬಡದಾಡಿದ ಮನಷ್ಯಾ ಇವ್ರು" ಎಂದು ಹೇಳಿ ಮೊದಲ ತಾಟು ಅವನ ಮುಂದಿಡುತ್ತಿದ್ದ. ನಿಜಾಮುದ್ದೀನ ತಲೆ ತಗ್ಗಿಸಿ ಉಣ್ಣುತ್ತಿದ್ದ.