ದಬ್ಬೆಗೆ ಕಟ್ಟಿದ ಡೇರೆ

ನಮ್ಮ ಊಟದ ಮೇಜಿನ ನಟ್ಟನಡುವೆ ಒಂದು ಬಿಳಿ ಉಂಗುರವಿದೆ. ಹೂದಾನಿಯ ತಳದ ನೀರು ವರ್ಷಗಟ್ಟಲೆ ಮರಕ್ಕಿಳಿದು ಮೂಡಿಸಿದ ಈ ವೃತ್ತವನ್ನು ನನ್ನ ಹೆಂಡತಿ ಸಾವಿತ್ರಿ ನಿಂಬೆಹಣ್ಣು, ಬೂದಿ, ಬೈಗುಳ ಮೂರನ್ನೂ ಹಾಕಿ ತಿಕ್ಕಿ ನೋಡಿದ್ದಾಳೆ, ಹೋಗಿಲ್ಲ. ಬಂದವರ ಕಣ್ಣು ಅದರ ಮೇಲೆ ಬಿದ್ದರೆ ನಾನು ಮೆಲ್ಲಗೆ ಮಾತು ತಿರುಗಿಸುತ್ತೇನೆ. ನಿಮಗೆ ಮಾತ್ರ ಹೇಳಿಬಿಡುತ್ತೇನೆ.

ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಹೇಳಿದವನಿಗೆ ನಿವೃತ್ತಿಯ ನಂತರವೂ ಉಪದೇಶದ ಚಪಲ ಬಿಡುವುದಿಲ್ಲ. ಪೇಟೆಯಲ್ಲಿ ಸಿಗುವ ಗುಲಾಬಿ, ಜರ್ಬೆರಾ ಗುಚ್ಛಗಳ ಮೇಲೆ ನನಗೆ ಪರಮ ಕೋಪ. ಎಲ್ಲೋ ಪ್ಲಾಸ್ಟಿಕ್ ಛಾವಣಿಯ ಕೆಳಗೆ ವಿಷ ಕುಡಿದು ಬೆಳೆದು, ತಣ್ಣನೆಯ ಪೆಟ್ಟಿಗೆಯಲ್ಲಿ ಹೆಣದಂತೆ ಮಲಗಿ, ನೂರಾರು ಮೈಲಿ ಡೀಸೆಲ್ ಸುಟ್ಟು ಶಿರಸಿಗೆ ಬಂದು, ಮೂರು ದಿನ ನಗುವಂತೆ ನಟಿಸಿ, ಕೊನೆಗೆ ದಂಟು ಚುಚ್ಚಿ ನಿಲ್ಲಿಸುವ, ಎಂದೂ ಕೊಳೆಯದ ಹಸಿರು ಸ್ಪಂಜೊಂದನ್ನು ನಮ್ಮ ಗೊಬ್ಬರಗುಂಡಿಗೆ ಬಳುವಳಿ ಕೊಟ್ಟುಹೋಗುವ ಆ ಪುಷ್ಪಗಳಿಗೆ ಇನ್ನು ಈ ಮನೆಯಲ್ಲಿ ಪ್ರವೇಶವಿಲ್ಲವೆಂದು ಕಳೆದ ವರ್ಷ ಘೋಷಿಸಿದೆ. ಮರುವಾರವೇ ಯಲ್ಲಾಪುರದಿಂದ ಸಾವಿತ್ರಿಯ ಅಕ್ಕನ ಮನೆಯವರು ಊಟಕ್ಕೆ ಬರುವುದೆಂದಾಯಿತು.

“ಹಂಗಾರೆ ಮೇಜು ಬೋಳು ಬಿಡದಾ?” ಎಂದಳು ಸಾವಿತ್ರಿ. ನಾನು ಬೇಲಿಯಾಚೆ ನೋಡಿದೆ.

ಬೇಲಿಯಾಚೆಯದು ಗೌರಕ್ಕನ ಅಂಗಳ. ಇಸಳೂರಿನ ಈ ಹೊಸ ಮನೆಗಳ ಸಾಲಿನಲ್ಲಿ ನಮ್ಮ ಪಕ್ಕದವಳು. ಮಳೆಗಾಲ ಬಂತೆಂದರೆ ಗೊಬ್ಬರದ ಚೀಲಗಳಲ್ಲಿ ಡೇರೆ ಹೂವಿನ, ಪೇಟೆಯವರ ಡೇಲಿಯಾದ, ಗೆಡ್ಡೆ ನೆಟ್ಟು, ಗಿಡಗಿಡಕ್ಕೂ ಅಡಿಕೆ ಮರ ಸೀಳಿದ ದಬ್ಬೆಯ ಊರುಗೋಲು ಕೊಟ್ಟು, ಬಾಳೆನಾರಿನಲ್ಲಿ ಕಟ್ಟಿ ನಿಲ್ಲಿಸುತ್ತಾಳೆ. ಹೂವು ಕೊಯ್ಯುವುದು ಅವಳ ಪದ್ಧತಿಯಲ್ಲ. ನೋಡಬೇಕಾದವರು ಗಿಡದ ಬಳಿಗೇ ಹೋಗಬೇಕು. ಆ ವಾರ ವಾನಳ್ಳಿಯ ತವರಿಗೆ ಹೋಗುವಾಗ, “ಭಾವ, ದನ ನುಗ್ಗದ ಹಾಂಗೆ ನೋಡ್ಕಳಿ” ಎಂದು ನನ್ನನ್ನೇ ಕಾವಲಿಗಿಟ್ಟಿದ್ದಳು.

ಡೀಸೆಲ್ ಇಲ್ಲ, ವಿಷವಿಲ್ಲ, ಸ್ಪಂಜಿಲ್ಲ. ಇಪ್ಪತ್ತು ಹೆಜ್ಜೆಯಾಚೆಯ ಪರಿಶುದ್ಧ ಸ್ವದೇಶಿ ಪುಷ್ಪ! ಮೂಲೆಯ ಗಿಡದಲ್ಲಿ ಅರಳಿದ್ದ ಒಂದೇ ಒಂದು ಕಡುಗೆಂಪು ಡೇರೆ, ಎಸಳಿನ ತುದಿಗಳಿಗೆಲ್ಲ ಬಿಳಿ ಅದ್ದಿದ್ದು, ನಮ್ಮ ಹೂದಾನಿಗೆ ಬಂತು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ ನೋಡಿ.

ನೆಂಟರು ಹೂವನ್ನು ಹೊಗಳುತ್ತ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದಾಗ ಗೌರಕ್ಕನ ಫೋನು ಬಂತು. “ಭಾವ, ಮೂಲೆ ಗಿಡದ ಹೂವು ಚೊಲೊ ಇದ್ದ? ಆಯಿ ನೋಡವು ಹೇಳಿ ಹೊರಟಿದ್ದು. ನಾಲ್ಕು ಗಂಟೆ ಬಸ್ಸಿಗೆ ಬತ್ಯ.”

“ಚೊಲೊ ಇದ್ದು” ಎಂದೆ. ಸುಳ್ಳಲ್ಲ, ಮೇಜಿನ ಮೇಲೆ ಚೊಲೋ ಇತ್ತು.

ಅದು ಮೂಲೆಯ ಗಿಡದ ಹೂವೆಂದು ಆಗಷ್ಟೇ ಅರಿತ ಸಾವಿತ್ರಿಯ ಮುಖ ಬಿಳಿಚಿತು. ಅವಳು ನನ್ನನ್ನು ಅಡುಗೆಮನೆಗೆ ಎಳೆದು ಹೇಳಿದಾಗಲೇ ನನಗೆ ತಿಳಿದದ್ದು: ಅದು ಆಯಿ, ಅಂದರೆ ಗೌರಕ್ಕನ ತಾಯಿ, ಹರೆಯದಲ್ಲಿ ಬೆಳೆಸುತ್ತಿದ್ದ, ಗೆಡ್ಡೆ ಕೊಳೆತು ಕಳೆದೇಹೋಗಿದ್ದ ಡೇರೆಯ ಜಾತಿ. ಸಿದ್ದಾಪುರದ ನೆಂಟರೊಬ್ಬರ ಹಿತ್ತಿಲಲ್ಲಿ ಕೊನೆಗೂ ಸಿಕ್ಕಿದ ಗೆಡ್ಡೆ, ಮೂರು ವರ್ಷ ಬರೀ ಎಲೆ ಕೊಟ್ಟು, ಈಗ ಹೂವು ಬಿಟ್ಟಿತ್ತು. ಎಂಬತ್ತು ದಾಟಿದ ಜೀವ ಇನ್ನೊಮ್ಮೆ ಅದನ್ನು ನೋಡಲೆಂದು ಬಸ್ಸು ಹತ್ತುತ್ತಿತ್ತು.

ನೆಂಟರು ಮೂರಕ್ಕೆ ಎದ್ದರು. ನಾನು ಕಳ್ಳನಂತೆ, ಅಲ್ಲ, ಕಳ್ಳನಾಗಿಯೇ ಬೇಲಿ ದಾಟಿ, ಹೂವನ್ನು ಅದರ ಹಳೆಯ ದಂಟಿಗೆ ಜೋಡಿಸಿ, ಬಾಳೆನಾರಿನಿಂದ ದಬ್ಬೆಗೆ ಬಿಗಿದೆ. ದೂರದಿಂದ ಏನೂ ಗೊತ್ತಾಗುತ್ತಿರಲಿಲ್ಲ. ಗಾಳಿ ಬೀಸಿದಾಗಲೆಲ್ಲ ಓಡಿಹೋಗಿ ಗಂಟು ಬಿಗಿಮಾಡುತ್ತಿದ್ದೆ. ಮೂರೂವರೆಗೆ ಹೊರಗಿನ ಎಸಳುಗಳು ಬಾಡತೊಡಗಿದವು. ಬಸ್ಸು ಕೆಡಲಪ್ಪಾ ದೇವರೇ ಎಂದು ಬೇಡಿಕೊಂಡೆ. ದಿನಾ ತಡವಾಗುವ ಬಸ್ಸು ಅಂದು ಸರಿಯಾದ ಹೊತ್ತಿಗೇ ಬಂತು.

ಅಜ್ಜಿ ಕೋಲೂರಿ ನೇರ ಮೂಲೆಗೇ ನಡೆದಳು. ಹೂವನ್ನು ಎದುರಿನಿಂದ ನೋಡಲೇ ಇಲ್ಲ. ಗಲ್ಲ ಹಿಡಿದು ಮುಖವೆತ್ತಿದಂತೆ ಎತ್ತಿ ಹಿಂದಿನ ಎಸಳು ನೋಡಿದಳು. ಬೆರಳು ದಂಟಿನಗುಂಟ ಇಳಿದು ಗಂಟಿನ ಬಳಿ ನಿಂತಿತು.

“ಕೊಯ್ದ ಹೂವಿಗೆ ನೀರಿಲ್ಲದ್ದೆ ನಿಲ್ಸಿದ್ದು ಎಂತಕ್ಕೆ? ಪಾಪ, ಬಾಯಾರಿದ್ದು ಅದಕ್ಕೆ.”

ಯಾರು ಕೊಯ್ದದ್ದೆಂದು ಆಕೆ ಕೇಳಲಿಲ್ಲ. ಇಷ್ಟು ಹೊತ್ತೂ ನಾನು ನನ್ನ ಮಾನಕ್ಕೆ ದಬ್ಬೆ ಕೊಟ್ಟು ನಿಲ್ಲಿಸುತ್ತಿದ್ದೆ. ಹೂವಿನ ಬಾಯಾರಿಕೆ ನೆನಪಿಗೇ ಬಂದಿರಲಿಲ್ಲ. ನಾನೇ ಕೊಯ್ದೆನೆಂದು ಹೇಳಿದೆ. ನಾಚಿಕೆಯಿಂದ ಸತ್ತೇಹೋದೆ. ಗೌರಕ್ಕ ನನ್ನ ಕಡೆ ತಿರುಗಲಿಲ್ಲ.

“ಮುಂದಿನ ವರ್ಷ ಮತ್ತೆ ಬತ್ತು, ಆಯಿ” ಎಂದಳು.

“ಹ್ಞೂಂ. ಹೂವಿಗೆ ಮುಂದಿನ ವರ್ಷ ಇದ್ದು” ಎಂದಳು ಅಜ್ಜಿ.

ಅಂದಿನಿಂದ ನಾನು ಹೂವಿನ ಬಗ್ಗೆ ಉಪದೇಶ ನಿಲ್ಲಿಸಿದೆ. ಪೇಟೆಯ ಗುಚ್ಛದ ಕುರಿತು ನಾನಾಡಿದ್ದೆಲ್ಲ ನಿಜವೇ, ಈಗಲೂ ತರುವುದಿಲ್ಲ. ಆದರೆ ಹತ್ತಿರದ ಹೂವೆಂದರೆ ಪಾಪವಿಲ್ಲದ ಹೂವೆಂದು ನನಗೆ ಹೇಳಿದವರು ಯಾರು? ಗೌರಕ್ಕ ವರ್ಷವಿಡೀ ನನ್ನೊಡನೆ ಮಾತಾಡಲಿಲ್ಲ. ಹೂ ಕಾಯುವ ಕೆಲಸ ಆಚೆಮನೆಯವರ ಪಾಲಾಯಿತು. ನ್ಯಾಯವೇ.

ಈ ಮಳೆಗಾಲ ಅದೇ ಮೂಲೆಯಲ್ಲಿ ಅದೇ ಕಡುಗೆಂಪು ಅರಳಿತು. ಅಜ್ಜಿ ಹಾಸಿಗೆ ಹಿಡಿದಿದ್ದಳು. ಬಸ್ಸು ಹತ್ತುವ ಮಾತೇ ಇರಲಿಲ್ಲ. ಒಂದು ಬೆಳಿಗ್ಗೆ ಗೌರಕ್ಕ ನಮ್ಮ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಕತ್ತರಿ.

“ಭಾವ, ನಿಮ್ಮನೆ ಹೂದಾನಿ ಕೊಡಿ.”

ನೀರು ತುಂಬಿ ಕೊಟ್ಟೆ. ಎಂದೂ ಹೂವು ಕೊಯ್ಯದವಳು ಬೇಲಿಯಾಚೆ ಬಗ್ಗಿ ಕತ್ತರಿಸಿದಳು. ಹೂದಾನಿಯನ್ನು ಎರಡೂ ಕೈಯಲ್ಲಿ ಅವುಚಿಕೊಂಡು ವಾನಳ್ಳಿಯ ಬಸ್ಸಿಗೆ ನಡೆದಳು.

ಗೌರಕ್ಕ ಮರುದಿನ ಬರಿಗೈಯಲ್ಲಿ ಬಂದಳು. ಆಯಿಯ ತಲೆದಿಂಬಿನ ಹತ್ತಿರವೇ ಇದೆಯಂತೆ, ಎಸಳುದುರಿದರೂ ತಾನಿರುವ ತನಕ ತೆಗೆಯಲು ಬಿಡಳಂತೆ. ಮೇಜಿನ ಮೇಲೆ ಈಗ ಹೂದಾನಿಯಿಲ್ಲ, ಉಂಗುರವೊಂದೇ. ಅದನ್ನು ತಿಕ್ಕುವುದನ್ನು ಸಾವಿತ್ರಿಯೂ ಬಿಟ್ಟಿದ್ದಾಳೆ. ಹೂದಾನಿ ಇನ್ನೂ ವಾಪಸು ಬಂದಿಲ್ಲ; ಬಾರದೇ ಇರಲಿ ಎಂದು ದಿನಾ ಅಂದುಕೊಳ್ಳುತ್ತೇನೆ.