ಒಂದು ವಿಳಾಸ, ಎರಡು ಯಂತ್ರ, ನಡುವೆ ಒಂದು ತಂತಿ

ಮೈಸೂರಿನಲ್ಲಿ ಗಣಕಯಂತ್ರ ಬಲ್ಲವರು ಬೇಕಾದಷ್ಟಿದ್ದಾರೆ. ಆದರೆ ಯಂತ್ರ ಕೆಟ್ಟದ್ದು ಯಾರಿಗೂ ತಿಳಿಯದಂತೆ ಒಂದು ಸಂಸ್ಥೆಯ ಪತ್ರವ್ಯವಹಾರವನ್ನು ಕಾಪಾಡಿದವರನ್ನು ನೆನೆಯುವಾಗ ಬೀಜ ಸಂಶೋಧನಾಲಯದ ಕುಮಾರಿ ಪ್ರೇಮಲೀಲಾ ಅವರ ಹೆಸರು ಮೊದಲು ಬರಬೇಕು. ಕೆಲಸ ಸರಿಯಾಗಿದ್ದ ದಿನ ಅವರನ್ನು ಕೇಳುವವರಿರಲಿಲ್ಲ. ಹದಿನಾರು ವರ್ಷದಲ್ಲಿ ಅಂಥ ದಿನಗಳೇ ಹೆಚ್ಚು.

ಇದನ್ನು ಬರೆಯುತ್ತಿರುವವನು ಅವರ ಸಹಾಯಕ ಜವರಯ್ಯ. ಸಂಜೆ ಕಾಲೇಜಿನಲ್ಲಿ ಓದಿದವನು. ಇಂಥ ಅಭಿನಂದನ ಗ್ರಂಥದಲ್ಲಿ ‘ನಾನು’ ಎಂದುಕೊಳ್ಳಲು ಅವನಿಗೆ ಸಂಕೋಚ.

೧೯೯೨ರಲ್ಲಿ ಸೇವೆಗೆ ಸೇರಿದ ಪ್ರೇಮಲೀಲಾ ಅವರು, ಮೇಲಧಿಕಾರಿಗಳನ್ನು ಮೂರು ವರ್ಷ ಕೇಳಿ ಕೇಳಿ, ೨೦೦೧ರಲ್ಲಿ ಇ-ಮೇಲ್‌ಗೆ ಎರಡನೆಯ ಸರ್ವರ್ ತರಿಸಿದರು. ಹೊರಗಿನವರಿಗೆ ಗೊತ್ತಿದ್ದುದು ಒಂದೇ ವಿಳಾಸ. ಆ ವಿಳಾಸವನ್ನು ಒಂದು ಯಂತ್ರ ಹೊತ್ತಿರುತ್ತಿತ್ತು. ಅದು ನಿಂತರೆ ಮತ್ತೊಂದು ಹೊರುತ್ತಿತ್ತು. ನಡುವಿನ ಸಣ್ಣ ತಂತಿಯ ಮೂಲಕ ಅವು ಎರಡು ಸೆಕೆಂಡಿಗೊಮ್ಮೆ ಪರಸ್ಪರ ‘ಇದ್ದೀಯಾ?’ ಎಂದು ವಿಚಾರಿಸಿಕೊಳ್ಳುತ್ತಿದ್ದವು. ಆ ತಣ್ಣನೆಯ ಕೋಣೆಯಲ್ಲಿ ಶಾಲು ಹೊದ್ದು, ಮಧ್ಯಾಹ್ನದ ಬುತ್ತಿಯನ್ನು ಅವರು ಒಬ್ಬರೇ ಬಿಚ್ಚುತ್ತಿದ್ದರು.

೨೦೦೩ರ ಡಿಸೆಂಬರ್. ದಿನಗೂಲಿಯ ಜವರಯ್ಯನನ್ನು ಕಾಯಂ ಮಾಡುವ ಪಟ್ಟಿ ಆ ವಾರವೇ ಹೋಗಬೇಕಿತ್ತು. ಕೋಣೆ ಚೊಕ್ಕಟ ಮಾಡುವಾಗ ಅವನಿಗೆ ಒಂದು ತಂತಿ ಕಂಡಿತು. ಗೋಡೆಗೂ ಹೋಗದೆ, ಹೊರಗೂ ಹೋಗದೆ, ಒಂದು ಯಂತ್ರದಿಂದ ಪಕ್ಕದ ಯಂತ್ರಕ್ಕೆ ಮಾತ್ರ ಹೋಗಿತ್ತು. ಹೆಚ್ಚುವರಿ ಇರಬೇಕೆಂದು ಬಿಚ್ಚಿ, ಒಪ್ಪವಾಗಿ ಸುತ್ತಿ, ಡ್ರಾಯರಿನಲ್ಲಿಟ್ಟ.

ಮರುದಿನ ಬೆಳಿಗ್ಗೆ ಕಂಡ ಪತ್ರ ಮಧ್ಯಾಹ್ನಕ್ಕೆ ಕಾಣದಾಯಿತು. ಆಡಳಿತಾಧಿಕಾರಿ ರುದ್ರಸ್ವಾಮಿಯವರು ಬಾಗಿಲಲ್ಲೇ ನಿಂತರು. “ಏನ್ರೀ ಪ್ರೇಮಲೀಲಾ, ಎರಡು ಮಿಷನ್ ಇದ್ರೆ ಏನೂ ಕಳ್ಯಲ್ಲ ಅಂದಿದ್ರಿ. ಈಗ ಎರಡೂ ಸೇರ್ಕೊಂಡು ಕಳೀತಾವಲ್ರೀ!”

“ಕಳ್ದಿಲ್ಲ ಸಾರ್. ಅರ್ಧ ಅಲ್ಲಿ, ಅರ್ಧ ಇಲ್ಲಿ ಇವೆ.”

ಅವರು ಹೋದಮೇಲೆ ಜವರಯ್ಯ ಸುರುಳಿಯನ್ನು ಮೇಜಿನ ಮೇಲಿಟ್ಟ. “ಮೇಡಂ, ಇದ್ನ ನಾನೇ ತೆಗ್ದುಬುಟ್ಟೆ.”

ಪ್ರೇಮಲೀಲಾ ಅವರು ತಂತಿಯ ಸುರುಳಿಯನ್ನು ಬಿಚ್ಚಿದರು. “ಪಾಪ ಕಣ್ರೀ ಜವರಯ್ಯ. ಇದು ಸತ್ತೋಯ್ತು ಅಂತ ಅದು, ಅದು ಸತ್ತೋಯ್ತು ಅಂತ ಇದು. ಎರಡೂ ತಾನೊಂದೇ ಉಳಿದಿರೋದು ಅಂತ ಅದೇ ವಿಳಾಸ ಹೊತ್ಕೊಂಡು ಒದ್ದಾಡಿವೆ.”

ಎರಡು ಯಂತ್ರಗಳಲ್ಲಿ ಚದುರಿದ್ದ ಎರಡು ಸಾವಿರದಷ್ಟು ಪತ್ರಗಳನ್ನು ಅವರು ನಾಲ್ಕು ದಿನ ಕೂತು ಒಂದುಗೂಡಿಸಿದರು. ಒಂದೂ ತಪ್ಪಲಿಲ್ಲ. ವರದಿಯಲ್ಲಿ ಬರೆದದ್ದು ಒಂದೇ ಸಾಲು: ‘ತಂತಿಗೆ ಗುರುತಿನ ಚೀಟಿ ಅಂಟಿಸದಿದ್ದುದು ನನ್ನ ಲೋಪ.’ ಜವರಯ್ಯನ ಹೆಸರು ಪಟ್ಟಿಯಲ್ಲಿ ಹೋಯಿತು. ಮರುವರ್ಷ ವಿಭಾಗದ ಮುಖ್ಯಸ್ಥರ ಹುದ್ದೆ ಅವರನ್ನು ಬಿಟ್ಟು ಕಿರಿಯರೊಬ್ಬರಿಗೆ ಹೋಯಿತು. ಆ ಸಾಲೇ ಕಾರಣವೆಂದು ಕಚೇರಿಯಲ್ಲಿ ಎಲ್ಲರೂ ಆಡಿಕೊಂಡಾಗ ಜವರಯ್ಯ ಬಾಯಿ ಬಿಡಲಿಲ್ಲ. ಅವರ ಕೋಣೆಗೆ ಊಟಕ್ಕೆ ಹೋಗಿ ಕೂರುವ ಮುಖವೂ ಅವನಿಗೆ ಉಳಿಯಲಿಲ್ಲ. ತಂತಿ ತೆಗೆದವನು ತಾನೆಂದು ಐದು ವರ್ಷದ ಮೇಲೆ ಅವನು ಎಲ್ಲರ ಮುಂದೆ ಒಪ್ಪಿಕೊಳ್ಳುತ್ತಿರುವುದು ಇಲ್ಲಿಯೇ.

ಈ ತಿಂಗಳ ಕೊನೆಗೆ ಅವರು ನಿವೃತ್ತರಾಗಿ ಒಂಟಿಕೊಪ್ಪಲಿನ ಮನೆಗೆ ಮರಳುತ್ತಾರೆ. ಅಲ್ಲಿಯೂ ಅವರೊಬ್ಬರೇ. ಕಿರಿಯರಿಗೆ ಪಾಠ ಹೇಳುವ ಅವರ ಆಸೆ ಕೈಗೂಡಲಿ, ಆರೋಗ್ಯ ಜೊತೆಗಿರಲಿ. ಅಂದಿನಿಂದ ಪ್ರತಿದಿನ ಬೆಳಿಗ್ಗೆ ಆ ಹಳೆಯ ವಿಳಾಸದಿಂದ ಅವರಿಗೊಂದು ಪತ್ರ ಹೋಗುತ್ತದೆ: ‘ಇದ್ದೀರಾ ಮೇಡಂ?’ ‘ಇದೀನಿ ಕಣ್ರೀ’ ಎಂಬ ಉತ್ತರ ನೂರು ವರ್ಷ ಬರುತ್ತಿರಲಿ. ಬರುವುದು ತಡವಾದ ದಿನ ಜವರಯ್ಯ ಬುತ್ತಿ ಹಿಡಿದು ಮನೆಗೇ ಬರುತ್ತಾನೆ.